ಅಜ್ಜಿಯ ಡಬ್ಬಿಯ ಪೋರ್ಚುಗೀಸ್ ನಾಣ್ಯಗಳು: ಯಾವುದಕ್ಕೆ ಬೆಲೆ, ಯಾವುದಕ್ಕಿಲ್ಲ?

ಪ್ರಶ್ನೆ: ನಮ್ಮದು ಕಾರವಾರ. ಅಜ್ಜಿಯ ತವರು ಗೋವಾದ ಕಾಣಕೋಣ. ಅವರು ತೀರಿಕೊಂಡ ಮೇಲೆ ಅಟ್ಟದ ಮರದ ಪೆಟ್ಟಿಗೆಯಲ್ಲಿ ತಗಡಿನ ಡಬ್ಬಿಯೊಂದು ಸಿಕ್ಕಿತು. ಅದರಲ್ಲಿ ರಾಜನ ತಲೆಯಿರುವ ಬೆಳ್ಳಿ ರೂಪಾಯಿ ಏಳು (1881ರವು ನಾಲ್ಕು, 1882ರವು ಎರಡು, 1903ರದು ಒಂದು), ಹೆಂಗಸಿನ ಮುಖವಿರುವ 1912ರದು ಒಂದು, 1947ರವು ಎರಡು, 1952ರವು ಮೂರು, 1959ರ 6 ಎಸ್ಕುಡೊ ಐದು, 1886ರ ತಾಮ್ರದ ಕಾಸು ಎರಡು ಇವೆ. ಬೂದು ಬಣ್ಣದ ಮೂರು ದಪ್ಪ ಬಿಲ್ಲೆಗಳ ಮೇಲೆ ಬಿಳಿ ಪುಡಿ ಕೂತಿದೆ. ಕೊಂಡಿ ಬೆಸೆದ ಚಿನ್ನದ ನಾಣ್ಯವೂ ಒಂದಿದೆ, ಕೊಂಡಿ ಸೇರಿ 4.1 ಗ್ರಾಂ. 1881ರ ಒಂದನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆವು, ಥಳಥಳ ಹೊಳೆಯುತ್ತಿದೆ. ಫೋಟೊ ನೋಡಿದ ಒಬ್ಬರು ವಾಟ್ಸ್ಆ್ಯಪ್‌ನಲ್ಲಿ 22 ಲಕ್ಷ ಕೊಡುತ್ತೇವೆ, ಮೊದಲು ಜಿಎಸ್‌ಟಿ ಎಂದು ₹4,999 ಕಟ್ಟಿ ಎನ್ನುತ್ತಿದ್ದಾರೆ. ಲಿಸ್ಬನ್‌ನಲ್ಲಿರುವ ಸೋದರಸಂಬಂಧಿ, ಅಲ್ಲಿ ಹೆಚ್ಚು ಬೆಲೆ ಬರುತ್ತದೆ, ಕಳಿಸಿ ಎನ್ನುತ್ತಾನೆ. ಊರಿನ ಅಕ್ಕಸಾಲಿಗರು ತೂಕಕ್ಕೆ ತೆಗೆದುಕೊಳ್ಳುತ್ತಾರಂತೆ. ನಾವು ಮೂವರು ಮಕ್ಕಳು ಹಂಚಿಕೊಳ್ಳಬೇಕು. ಏನು ಮಾಡುವುದು?

ಉತ್ತರ: ಆ ₹4,999 ಕಟ್ಟಬೇಡಿ. ಮಿಕ್ಕ ವಿಷಯ ನಿಧಾನವಾಗಿ ನೋಡೋಣ, ಇದು ಮಾತ್ರ ಇವತ್ತೇ ಆಗಬೇಕಾದ ತೀರ್ಮಾನ. ಕೊಳ್ಳುವವನು ಮಾರುವವನಿಂದ ಮುಂಗಡ ತೆರಿಗೆ ಕೇಳುವ ವ್ಯಾಪಾರ ಲೋಕದಲ್ಲಿ ಎಲ್ಲೂ ಇಲ್ಲ. ಹಳೆಯ ನಾಣ್ಯ, ನೋಟುಗಳನ್ನು ಕೊಳ್ಳುವ ನೆಪದಲ್ಲಿ ತನ್ನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಎಚ್ಚರಿಕೆ ಹೊರಡಿಸಿದೆ. ಇಂಥ ವ್ಯವಹಾರದಲ್ಲಿ ತಾನಿಲ್ಲ, ತನ್ನ ಪರವಾಗಿ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ₹4,999 ಕಟ್ಟಿದರೆ ಮುಂದೆ ‘ವಿಮೆ’ ಎಂದು ₹12,000 ಕೇಳುತ್ತಾರೆ, ಆಮೇಲೆ ‘ನೋಂದಣಿ’. ಅವರಿಗೆ ನಾಣ್ಯ ಬೇಕಾಗಿಲ್ಲ. ಮುಂದಕ್ಕೆ ಯಾರಿಗೇ ಫೋಟೊ ಕಳಿಸಿದರೂ ಜೊತೆಗೆ ಆಧಾರ್ ಪ್ರತಿ, ಬ್ಯಾಂಕ್ ಖಾತೆಯ ವಿವರ ಕಳಿಸಬೇಡಿ.

ನಿಮ್ಮ ಪ್ರಶ್ನೆಯ ಒಳಗಿರುವ ನಿಜವಾದ ಗೊಂದಲ ಬೇರೆ: ಒಂದೇ ಡಬ್ಬಿಗೆ ಒಬ್ಬರು 22 ಲಕ್ಷ ಎನ್ನುತ್ತಾರೆ, ಇನ್ನೊಬ್ಬರು ತೂಕದ ದರ ಎನ್ನುತ್ತಾರೆ, ಮತ್ತೊಬ್ಬರು ಲಿಸ್ಬನ್ ಬೆಲೆ ಎನ್ನುತ್ತಾರೆ. ಯಾವುದು ಸರಿ? ಮೊದಲನೆಯದು ಸುಳ್ಳು. ಎರಡನೆಯದು ಕೆಲವು ನಾಣ್ಯಗಳಿಗೆ ಹೆಚ್ಚುಕಡಿಮೆ ಸರಿ, ಕೆಲವಕ್ಕೆ ದೊಡ್ಡ ನಷ್ಟ. ಮೂರನೆಯದು ಲಿಸ್ಬನ್‌ನಲ್ಲಿ ಸರಿಯಿರಬಹುದು, ಆದರೆ ಅದು ನಿಮ್ಮ ಬೆಲೆಯಲ್ಲ. ಕಾರಣ ಮುಂದೆ ಬರುತ್ತದೆ.

ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆಯನ್ನು ಮೊದಲು ಬದಿಗಿಡಿ. ನಿಮ್ಮ ಡಬ್ಬಿಯೇ ಅದಕ್ಕೆ ಪುರಾವೆ. 1881ರ ರೂಪಾಯಿಗಿಂತ 1912ರದು 31 ವರ್ಷ ಚಿಕ್ಕದು, ಆದರೆ ಒಂದೇ ಸ್ಥಿತಿಯಲ್ಲಿದ್ದರೆ ಸಂಗ್ರಾಹಕರು ಹೆಚ್ಚು ಕೊಡುವುದು 1912ಕ್ಕೆ. ಯಾಕೆಂದರೆ 1881, 1882ರ ರೂಪಾಯಿಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ. 1878ರ ಡಿಸೆಂಬರ್‌ನಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯಿತು. ಸುಂಕದ ಜೊತೆಗೆ ನಾಣ್ಯದ ವಿಷಯವೂ ಅದರಲ್ಲಿತ್ತು. ಗೋವಾದ ಬೆಳ್ಳಿ ರೂಪಾಯಿ ಬ್ರಿಟಿಷ್ ಇಂಡಿಯಾದ ರೂಪಾಯಿಯ ಅಳತೆಗೇ, ಅಂದರೆ 11.66 ಗ್ರಾಂ ತೂಕ, ಸಾವಿರಕ್ಕೆ 917 ಪಾಲು ಬೆಳ್ಳಿ, ಇರಬೇಕೆಂದಾಯಿತು. ಅಚ್ಚು ಹಾಕಿದ್ದು ಕಲ್ಕತ್ತದ ಟಂಕಸಾಲೆ. ಗೋವಾದ ಚಿಲ್ಲರೆ ಕಾಸಾದ ತಾಮ್ರದ ಕಾಲು ಟಾಂಗವೂ ಬ್ರಿಟಿಷರ ಕಾಲಾಣೆಗೆ ಸರಿಜೋಡಿ. ಎರಡೂ ಕಡೆಯ ಹಣ ಗಡಿ ದಾಟಿ ಓಡಾಡಿತು. 1892ರಲ್ಲಿ ಒಪ್ಪಂದ ಮುಗಿಯಿತು, ನಾಣ್ಯಗಳು ಮಾತ್ರ ಮನೆಗಳಲ್ಲಿ ಉಳಿದವು. ಕಾರವಾರ, ಬೆಳಗಾವಿ ಕಡೆಯ ಹಳೆಯ ಪೆಟ್ಟಿಗೆಗಳಲ್ಲಿ ದೊರೆ ಲುಯಿಸ್‌ನ ತಲೆ ಸಿಗುವುದಕ್ಕೆ ಇದೇ ಕಾರಣ. ಅಪರೂಪವಲ್ಲದ್ದಕ್ಕೆ ಅಪರೂಪದ ಬೆಲೆ ಬರುವುದಿಲ್ಲ.

ಪೋರ್ಚುಗಲ್ಲಿನ ಬ್ಯಾಂಕು ಇವನ್ನು ಬದಲಿಸಿ ಯೂರೊ ಕೊಡುತ್ತದೆ ಎಂಬ ಮಾತನ್ನೂ ನೀವು ಕೇಳಿರಬಹುದು. ಅಲ್ಲಿ ಸ್ವದೇಶದ ಎಸ್ಕುಡೊ ನಾಣ್ಯಗಳನ್ನು ಬದಲಿಸುವ ಅವಕಾಶವೇ 2002ರ ಡಿಸೆಂಬರ್ 31ಕ್ಕೆ ಮುಗಿದಿದೆ. ನೋಟುಗಳಿಗೆ 2022ರ ಫೆಬ್ರುವರಿ 28ರ ತನಕ ಗಡುವಿತ್ತು, ಅದೂ ಹೋಯಿತು. ಗೋವಾಕ್ಕೆಂದು ಅಚ್ಚಾದ ರೂಪಾಯಿ, ಎಸ್ಕುಡೊಗಳಿಗಂತೂ ಈ ಲೆಕ್ಕವೇ ಅನ್ವಯಿಸುವುದಿಲ್ಲ.

ಈಗ ಡಬ್ಬಿಯೊಳಗಿನದ್ದನ್ನು ಒಂದೊಂದಾಗಿ ನೋಡೋಣ.

ಬೆಳ್ಳಿಯ ಲೆಕ್ಕ ಮೊದಲು ಕೈಯಲ್ಲಿರಲಿ. 1881, 1882, 1903, 1912ರ ಪ್ರತಿ ರೂಪಾಯಿಯಲ್ಲೂ ಶುದ್ಧ ಬೆಳ್ಳಿ 10.69 ಗ್ರಾಂ. ನಿಮ್ಮಲ್ಲಿ ಎಂಟಿವೆ, ಅಂದರೆ ಸುಮಾರು 85.5 ಗ್ರಾಂ. 1947ರ ರೂಪಾಯಿ 12 ಗ್ರಾಂ ತೂಗಿದರೂ ಅರ್ಧದಷ್ಟೇ ಬೆಳ್ಳಿ, ಎರಡರಲ್ಲಿ 12 ಗ್ರಾಂ. ಒಟ್ಟು 97.5 ಗ್ರಾಂ. ಇದನ್ನು ಮಾರುವ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಬರುವುದೇ ನಿಮ್ಮ ತಳದ ಬೆಲೆ. ಸವೆತದಿಂದ ಒಂದೊಂದು ನಾಣ್ಯ ಗ್ರಾಮಿನ ಹತ್ತನೆಯ ಒಂದೆರಡು ಪಾಲು ಕಳೆದುಕೊಂಡಿರುತ್ತದೆ, ಅಷ್ಟೇ ವ್ಯತ್ಯಾಸ. ಇದಕ್ಕಿಂತ ಕಡಿಮೆಗೆ ಯಾರು ಕೇಳಿದರೂ ಡಬ್ಬಿ ಮುಚ್ಚಿಕೊಂಡು ಬನ್ನಿ. 1952ರದ್ದರಲ್ಲಿ ಬೆಳ್ಳಿಯೇ ಇಲ್ಲ, ತಾಮ್ರ ಮತ್ತು ನಿಕ್ಕಲ್ ಮಿಶ್ರಣ. ನೋಡಲು 1947ರದರ ತಮ್ಮನಂತಿರುವುದರಿಂದ ಇವೆರಡನ್ನು ಬೆಳ್ಳಿಯೆಂದು ಒಟ್ಟಿಗೆ ಮಾರುವವರೂ ಇದ್ದಾರೆ, ಗೊತ್ತಿಲ್ಲದೆ ಕೊಳ್ಳುವವರೂ ಇದ್ದಾರೆ. 1935ರದೊಂದು ರೂಪಾಯಿ ಎಲ್ಲಾದರೂ ಸಿಕ್ಕರೆ ಅದು ಮತ್ತೆ 917ರ ಬೆಳ್ಳಿ, 12 ಗ್ರಾಂ. ಹೀಗೆ ಒಂದೇ ‘ಉಮಾ ರುಪಿಯಾ’ ಅಂದರೆ ಒಂದು ರೂಪಾಯಿ ಎಂಬ ಹೆಸರಿನಲ್ಲಿ ಮೂರು ಲೋಹಗಳಿವೆ. ಇಸವಿ ಓದದೆ ತಕ್ಕಡಿಗೆ ಹಾಕಬಾರದು.

ನಿಮ್ಮ ಬೆಳ್ಳಿಯಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು 1912ರದು. ಅದರಲ್ಲಿರುವುದು ಯಾವ ರಾಣಿಯೂ ಅಲ್ಲ. 1910ರ ಅಕ್ಟೋಬರ್‌ನಲ್ಲಿ ರಾಜಪ್ರಭುತ್ವ ಬಿದ್ದು ಗಣರಾಜ್ಯ ಬಂದಿತ್ತು, ಆ ಗಣರಾಜ್ಯದ ಸಂಕೇತ ಆ ಹೆಂಗಸು. ಭೂತಗನ್ನಡಿಯಲ್ಲಿ ಇಸವಿಯ ಕೊನೆಯ ಅಂಕಿ ನೋಡಿ. ಕೆಲವು ನಾಣ್ಯಗಳಲ್ಲಿ 2ರ ಅಡಿಯಿಂದ 1ರ ಗೆರೆ ಇಣುಕುತ್ತದೆ. 1911ಕ್ಕೆಂದು ಕೆತ್ತಿದ ಅಚ್ಚಿನ ಮೇಲೆಯೇ 2 ಕೆತ್ತಿ ಬಳಸಿದ ಗುರುತದು, ಕ್ಯಾಟಲಾಗ್‌ಗಳು ಅದನ್ನು ಪ್ರತ್ಯೇಕವಾಗಿ ಪಟ್ಟಿಮಾಡುತ್ತವೆ. ಅಕ್ಷರದಲ್ಲೂ ಒಂದು ಸಂಗತಿಯಿದೆ. ಲುಯಿಸ್‌ನ ನಾಣ್ಯದಲ್ಲಿ ‘ಪೋರ್ಚುಗೇಜಾ’ ಎಂಬ ಪದ ಝೆಡ್ ಅಕ್ಷರದಲ್ಲಿದೆ, 1912ರದರಲ್ಲಿ ಎಸ್ ಅಕ್ಷರದಲ್ಲಿ. ನಡುವೆ, 1911ರಲ್ಲಿ, ಪೋರ್ಚುಗೀಸ್ ಕಾಗುಣಿತದ ಸುಧಾರಣೆ ಆಯಿತು. 1881ರ ನಾಣ್ಯದಲ್ಲಿ ಎಸ್ ಕಂಡರೆ ಅದು ನಕಲಿ ಎನ್ನಲು ಬೇರೆ ಪರೀಕ್ಷೆ ಬೇಕಿಲ್ಲ. 1903ರ ದೊರೆ ಕಾರ್ಲೋಸ್‌ನ ರೂಪಾಯಿ ಇವೆರಡರ ನಡುವಿನ ಸ್ಥಾನದ್ದು: ಲುಯಿಸ್‌ನದಕ್ಕಿಂತ ಕಡಿಮೆ ಸಿಗುತ್ತದೆ, ಹಾಗಾಗಿ ಅದನ್ನೂ ತೂಕಕ್ಕೆ ಹಾಕಬೇಡಿ.

1952ರ ಮೂರು ಮತ್ತು 6 ಎಸ್ಕುಡೊದ ಐದು ಸಂಗ್ರಹಕ್ಕೆ ಚಂದ, ಮಾರಾಟಕ್ಕೆ ಅಷ್ಟಕ್ಕಷ್ಟೆ. 1958ರಲ್ಲಿ ಗೋವಾದಲ್ಲಿ ರೂಪಾಯಿ ಹೋಗಿ ಎಸ್ಕುಡೊ ಬಂತು, 1 ರೂಪಾಯಿಗೆ 6 ಎಸ್ಕುಡೊ. ಅದಕ್ಕೇ 6 ಎಂಬ ವಿಚಿತ್ರ ಮುಖಬೆಲೆ. 3 ಎಸ್ಕುಡೊ ಎಂದರೆ ಅರ್ಧ ರೂಪಾಯಿ. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆಯಾದಾಗ ಈ ನಾಣ್ಯಗಳಿಗೆ ಇನ್ನೂ ಹೊಸತನ ಹೋಗಿರಲಿಲ್ಲ, ಹಾಗಾಗಿ ಒಳ್ಳೆಯ ಸ್ಥಿತಿಯವೇ ಧಾರಾಳವಾಗಿ ಉಳಿದಿವೆ. ಬಿಡಿಬಿಡಿಯಾಗಿ ಕೆಲವು ನೂರು ರೂಪಾಯಿಯೊಳಗಿನ ವ್ಯವಹಾರ ಇವು. ಸೆಟ್ ಪೂರ್ತಿ ಮಾಡಿಕೊಳ್ಳುವವರಿಗೆ ಕೊಟ್ಟರೆ ಸ್ವಲ್ಪ ವಾಸಿ. 1886ರ ತಾಮ್ರದ ಕಾಲು ಟಾಂಗಗಳದ್ದೂ ಹೆಚ್ಚುಕಡಿಮೆ ಇದೇ ಕತೆ: ತಾಮ್ರದ ಮೂಲ ಕೆಂಪು ಇನ್ನೂ ಅಕ್ಷರಗಳ ಸಂದಿಯಲ್ಲಿ ಉಳಿದಿದ್ದರೆ ಬೆಲೆ ಏರುತ್ತದೆ, ನುಣ್ಣಗೆ ಸವೆದಿದ್ದರೆ ಇಲ್ಲ.

ಇನ್ನು ಆ ಬೂದು ಬಿಲ್ಲೆಗಳು. ಬರಿಯ ವಿವರಣೆಯಿಂದ ಖಚಿತವಾಗಿ ಹೇಳುವಂತಿಲ್ಲ, ಆದರೆ ಒಂದು ಬದಿಯಲ್ಲಿ ಶಿಲುಬೆ, ಗೋಳ ಅಥವಾ ಕಿರೀಟದ ಗುರಾಣಿ ಮಸುಕಾಗಿ ಕಂಡರೆ ಅವು ಬಜರೂಕೊಗಳು ಆಗಿರುವ ಸಾಧ್ಯತೆ ಹೆಚ್ಚು. ಗೋವಾದಲ್ಲಿ ಸಂತೆಯ ಚಿಲ್ಲರೆಗೆಂದು ತಾಮ್ರ, ತವರ, ಸೀಸ, ತುತ್ತನಾಗ (ಸತುವಿನ ಬಗೆಯ ಲೋಹ) ಇವುಗಳಲ್ಲಿ ಹೊಯ್ದ ಅಗ್ಗದ ಕಾಸು ಅದು. ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಅದು ನಮ್ಮ ‘ಬಜಾರ ರೊಕ್ಕ’ದಿಂದ ಬಂದಿರಬೇಕೆಂದು ಹಳೆಯ ನಿಘಂಟುಕಾರರೇ ಊಹಿಸಿದ್ದಾರೆ. ಪೋರ್ಚುಗೀಸ್ ಲೆಕ್ಕಪತ್ರಗಳಲ್ಲಿ ಬರುವ ‘ಪರ್ದಾವು’ ಎಂಬ ನಾಣ್ಯದ ಹೆಸರು ಕೂಡ ವಿಜಯನಗರದ ‘ಪ್ರತಾಪ’ ನಾಣ್ಯದಿಂದ ಬಂದದ್ದೇ. ನಾಣ್ಯದ ಮೇಲಿನ ಹೆಸರು ಅವರದು, ಬಾಯಲ್ಲಿ ಓಡಾಡಿದ ಹೆಸರು ನಮ್ಮದು. ಬಜರೂಕೊಗಳ ಬೆಲೆ ಲೋಹದಿಂದ ಬರುವುದಿಲ್ಲ, ಚಿತ್ರ ಎಷ್ಟು ಓದಲು ಬರುತ್ತದೆ ಎಂಬುದರಿಂದ ಬರುತ್ತದೆ. ಎರಡೂ ಬದಿ ಸ್ಪಷ್ಟವಿರುವುದು ಕಡಿಮೆ, ಹಾಗಿದ್ದರೆ ಅದು ನಿಮ್ಮ ಲುಯಿಸ್ ರೂಪಾಯಿಯನ್ನೂ ಮೀರಿಸಬಹುದು. ಅಕ್ಕಸಾಲಿಗರು ಇದನ್ನೇ ‘ಇದಕ್ಕೇನೂ ಬರಲ್ಲ’ ಎಂದು ಪಕ್ಕಕ್ಕೆ ತಳ್ಳುವುದು.

ಬಿಳಿ ಪುಡಿ ಕೂತಿರುವುದು ಸೀಸಕ್ಕೆ ರೋಗ ಹತ್ತಿದ ಲಕ್ಷಣ. ಮರದ ಪೆಟ್ಟಿಗೆ, ರಟ್ಟು, ಹಳೆಯ ಕಾಗದ ಇವುಗಳಿಂದ ನಿಧಾನವಾಗಿ ವಿನೆಗರ್‌ನಂಥ ಆಮ್ಲದ ಆವಿ ಹೊರಡುತ್ತಿರುತ್ತದೆ. ಕರಾವಳಿಯ ಹಸಿ ಹವೆಯಲ್ಲಿ ಅದು ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಇವತ್ತೇ ಆ ಮೂರನ್ನು ಮರದ ಪೆಟ್ಟಿಗೆಯಿಂದ ಹೊರತೆಗೆದು, ಬಿಡಿಬಿಡಿಯಾಗಿ ಸಣ್ಣ ಗಾಜಿನ ಸೀಸೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಪುಡಿಯನ್ನು ಉಜ್ಜಬೇಡಿ, ಊದಬೇಡಿ: ಸೀಸ ವಿಷ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಚಿನ್ನದ್ದು ಡಬ್ಬಿಯ ಅತಿ ಬೆಲೆಯ ವಸ್ತುವೂ ಹೌದು, ಅತಿ ಹೆಚ್ಚು ಅನುಮಾನದ ವಸ್ತುವೂ ಹೌದು. ಅದರ ಮೇಲೆ ರಾಜನ ತಲೆಯಿದ್ದರೆ ಹೀಗೆ ಲೆಕ್ಕ ಹಾಕಬಹುದು. ಪೋರ್ಚುಗಲ್ಲಿನ ದೊರೆ ಐದನೆಯ ಜೊವಾವುನ ಕಾಲದಲ್ಲಿ, 1722ರಿಂದೀಚೆ, ರಾಜನ ತಲೆಯ ಚಿನ್ನದ ನಾಣ್ಯಗಳು ಬಂದವು. ದೊಡ್ಡದಾದ 6400 ರೇಯಿಸ್‌ನದು (ರೇಯಿಸ್ ಆಗಿನ ಪೋರ್ಚುಗೀಸ್ ಹಣ) 14.34 ಗ್ರಾಂ, ಅದರ ಕಾಲುಭಾಗವಾದ 1600 ರೇಯಿಸ್‌ನದು 3.58 ಗ್ರಾಂ, ಎರಡೂ 22 ಕ್ಯಾರೆಟ್. ನಿಮ್ಮ 4.1ರಲ್ಲಿ ಕೊಂಡಿ ಮತ್ತು ಬೆಸುಗೆಗೆ ಅರ್ಧ ಗ್ರಾಂ ಕಳೆದರೆ ಲೆಕ್ಕ ಕೂಡಿಬರುತ್ತದೆ. ಆದರೆ ತೂಕ ಕೂಡಿಬಂದ ಮಾತ್ರಕ್ಕೆ ಅಸಲಿ ಆಗುವುದಿಲ್ಲ, ಕಾಸಿನ ಸರಕ್ಕೆಂದು ಅಕ್ಕಸಾಲಿಗರು ಎರಕ ಹೊಯ್ದ ಪ್ರತಿಗಳೂ ಒಳ್ಳೆಯ ಚಿನ್ನದ್ದೇ ಆಗಿರುತ್ತವೆ. ರಾಜನ ಕೂದಲಿನ ಸುರುಳಿಗಳು ನೋಡಿ. ಅಚ್ಚೊತ್ತಿದ ನಾಣ್ಯದಲ್ಲಿ ಸುರುಳಿಯ ಅಂಚು ಚೂಪಾಗಿರುತ್ತದೆ, ಸವೆದಿದ್ದರೂ ತಗ್ಗಿನ ಜಾಗದಲ್ಲಿ ಗೆರೆ ಉಳಿದಿರುತ್ತದೆ. ಎರಕದ್ದರಲ್ಲಿ ತಗ್ಗು ಉಬ್ಬು ಎರಡೂ ಬೆಣ್ಣೆಯಂತೆ ಮೆತ್ತಗೆ, ನಡುವೆ ಸೂಜಿಮೊನೆಯಷ್ಟು ಗುಳಿಗಳು, ಅಂಚಿನಲ್ಲಿ ಅರ ಹಾಕಿದ ಗೀರು. ತಲೆಯ ಕೆಳಗೆ ಆರ್ ಅಕ್ಷರವಿದ್ದರೆ ಬ್ರೆಜಿಲ್‌ನ ರಿಯೊ ಡಿ ಜನೈರೊ ಟಂಕಸಾಲೆ, ಬಿ ಇದ್ದರೆ ಬ್ರೆಜಿಲ್‌ನದೇ ಬಾಯಿಯಾ.

ಬೆಸೆದ ಕೊಂಡಿ ನಾಣ್ಯದ ಸಂಗ್ರಹಬೆಲೆಯನ್ನು ಬಹುಪಾಲು ಕೊಂದಿರುತ್ತದೆ, ಇದನ್ನು ಒಪ್ಪಿಕೊಳ್ಳಲೇಬೇಕು. ಹಾಗೆಂದು ಕೊಂಡಿ ತೆಗೆಸಲು ಹೋಗಬೇಡಿ. ಬೆಸುಗೆ ಕರಗಿಸುವ ಜ್ವಾಲೆ ತಾಗಿದರೆ ಉಳಿದ ಮೇಲ್ಮೈಯೂ ಹೋಗುತ್ತದೆ, ತೆಗೆದ ಜಾಗದ ಕಲೆ ಕೊಂಡಿಗಿಂತ ಕೆಟ್ಟದಾಗಿ ಕಾಣುತ್ತದೆ. ಒರೆಗಲ್ಲಿಗೂ ತಿಕ್ಕಿಸಬೇಡಿ, ಎಷ್ಟೇ ಸಣ್ಣ ಗೆರೆಯಾದರೂ ಗಾಯ ಗಾಯವೇ. ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ಆರ್‌ಎಫ್ ಯಂತ್ರ, ಅಂದರೆ ಎಕ್ಸ್-ಕಿರಣ ಹಾಯಿಸಿ ಲೋಹ ಅಳೆಯುವ ಯಂತ್ರ, ಗೀರದೆ ಶುದ್ಧತೆ ಹೇಳುತ್ತದೆ. ಬೆಸುಗೆಯಿಂದ ದೂರದ ಜಾಗದಲ್ಲಿ, ಎರಡೂ ಬದಿ ಅಳೆಯಲು ಕೇಳಿ. ಯಂತ್ರ ಮೇಲ್ಪದರವನ್ನಷ್ಟೇ ಓದುತ್ತದೆ ಎಂಬುದೂ ನೆನಪಿರಲಿ, ದಪ್ಪ ಲೇಪನ ಅದನ್ನು ಮೋಸಗೊಳಿಸಬಲ್ಲದು.

ಹುಣಸೆಹಣ್ಣಿನ ವಿಷಯ. ಇದರಲ್ಲಿ ನಿಮ್ಮನ್ನು ಬಯ್ಯುವುದಕ್ಕೇನೂ ಇಲ್ಲ, ದೇವರ ಪಾತ್ರೆಗೆ ಮಾಡುವುದನ್ನೇ ಮಾಡಿದ್ದೀರಿ. ಆದರೆ ಆ ನಾಣ್ಯದ ಬೆಲೆ ಈಗ ತಳದ ಬೆಲೆಗೆ ಇಳಿದಿದೆ. ಯಾಕೆಂದು ತಿಳಿದರೆ ಉಳಿದವು ಬದುಕುತ್ತವೆ. ಅಚ್ಚು ಬೀಳುವಾಗ ಬೆಳ್ಳಿ ಒತ್ತಡಕ್ಕೆ ಹೊರಮುಖವಾಗಿ ಹರಿಯುತ್ತದೆ, ಕಣ್ಣಿಗೆ ಕಾಣದ ಸಾವಿರಾರು ಗೆರೆಗಳು ಉಳಿಯುತ್ತವೆ. ಹೊಸ ನಾಣ್ಯವನ್ನು ದೀಪದಡಿ ಓರೆಮಾಡಿ ತಿರುಗಿಸಿದಾಗ ಬೆಳಕು ಗಾಲಿಯ ಅರೆಕಾಲುಗಳಂತೆ ಸುತ್ತುವುದು ಆ ಗೆರೆಗಳಿಂದಲೇ. ಹುಳಿ ಅವನ್ನು ತಿನ್ನುತ್ತದೆ, ನಾರು ಅವುಗಳ ಮೇಲೆ ಅಡ್ಡ ಗೀರು ಎಳೆಯುತ್ತದೆ. ತಿಕ್ಕಿದ ನಾಣ್ಯ ಎಲ್ಲ ದಿಕ್ಕಿಗೂ ಒಂದೇ ಸಮ ಹೊಳೆಯುತ್ತದೆ, ಬೆಳಕು ಸುತ್ತುವುದಿಲ್ಲ. ವಿಭೂತಿ, ಟೂತ್‌ಪೇಸ್ಟ್, ಅಂಟುವಾಳ, ಬೆಳ್ಳಿ ಅದ್ದುವ ದ್ರಾವಣ ಎಲ್ಲದರ ಪರಿಣಾಮವೂ ಇದೇ. ಮೇಲೆ ಕೂತ ಕಪ್ಪು ಕೊಳೆಯಲ್ಲ, ಗಾಳಿಯ ಗಂಧಕದ ಜೊತೆ ಬೆಳ್ಳಿ ಕಟ್ಟಿಕೊಂಡ ಪದರ. ಸಂಗ್ರಾಹಕ ಅದಕ್ಕೆ ದುಡ್ಡು ಕೊಡುತ್ತಾನೆ, ಏಕೆಂದರೆ ಅದರಡಿಯ ಮೇಲ್ಮೈ ಯಾರೂ ಮುಟ್ಟದ್ದು ಎಂಬ ಸಾಕ್ಷಿ ಅದೇ. ತಿಕ್ಕಿದ ಒಂದನ್ನು ಹಾಗೇ ಬಿಡಿ, ಮತ್ತೆ ಕಪ್ಪಾಗಿಸುವ ‘ಮದ್ದು’ಗಳನ್ನು ಪ್ರಯೋಗಿಸಬೇಡಿ.

ಮಾಡಬಹುದಾದದ್ದು ಇಷ್ಟೆ. ಮಣ್ಣು ಅಂಟಿದ್ದರೆ ಬೆಳ್ಳಿಯದನ್ನು ಡಿಸ್ಟಿಲ್ಡ್ ನೀರಿನಲ್ಲಿ ಒಂದು ದಿನ ನೆನೆಸಿ, ಮೆತ್ತನೆಯ ಹತ್ತಿಬಟ್ಟೆಯ ಮೇಲಿಟ್ಟು ಒತ್ತಿ ಆರಿಸಿ, ಉಜ್ಜಬೇಡಿ. ಹಸಿರು ಜಿಗುಟು ಇದ್ದರೆ ಅದು ಪಿವಿಸಿ ಪ್ಲಾಸ್ಟಿಕ್‌ನಿಂದ ಇಳಿದದ್ದು. ಶುದ್ಧ ಅಸಿಟೋನ್‌ನಲ್ಲಿ ಗಾಜಿನ ಬಟ್ಟಲಲ್ಲಿ ಅದ್ದಿದರೆ ಬಿಡುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಬಣ್ಣ ಸೇರಿರುತ್ತವೆ. ತಾಮ್ರದ ಕಾಸಿನ ಮೇಲೆ ಗಟ್ಟಿಯಾಗಿ ಕೂತ ಹಸಿರು ಕಿಲುಬು ಮುಂದೆ ಹರಡುವುದಿಲ್ಲ, ಹಾಗೇ ಇರಲಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಉಪ್ಪಿನಂಶದಿಂದ ಒಳಗೊಳಗೇ ಹರಡುವ ಕೊಳೆತ. ಆ ಕಾಸನ್ನು ಉಳಿದವುಗಳಿಂದ ಬೇರೆ ಮಾಡಿ ಒಣಗಿದ ಜಾಗದಲ್ಲಿಡಿ. ಇಡಲು ಪಿವಿಸಿ ಇಲ್ಲದ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಪೊಟ್ಟಣ ಸಾಕು, ರಬ್ಬರ್ ಬ್ಯಾಂಡ್, ಪತ್ರಿಕೆಯ ಕಾಗದ ಬೇಡ. ನಾಣ್ಯ ಹಿಡಿಯುವುದು ಅಂಚಿನಲ್ಲಿ, ಕೆಳಗೆ ದಪ್ಪ ಟವೆಲ್ ಹಾಸಿ.

ಅಸಲಿಯೋ ನಕಲಿಯೋ ಎಂದು ಮನೆಯಲ್ಲೇ ನೋಡುವ ಒಂದು ಒಳ್ಳೆಯ ಪರೀಕ್ಷೆಯಿದೆ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಮೊದಲು ನಾಣ್ಯ ತೂಗಿ ಬರೆದುಕೊಳ್ಳಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ಹೊಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ ಆದರೆ ತಳಕ್ಕೂ ಬದಿಗೂ ತಾಗದಂತೆ ಇಳಿಬಿಡಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. 11.66 ಗ್ರಾಮಿನ ಅಸಲಿ ರೂಪಾಯಿಗೆ ಅದು 1.13ರ ಹತ್ತಿರ ಬರಬೇಕು. ಅಷ್ಟೇ ತೂಕದ ತಾಮ್ರ-ನಿಕ್ಕಲ್ ನಕಲಿಗೆ 1.31 ಬರುತ್ತದೆ. 12 ಗ್ರಾಮಿನ 1947ರದಕ್ಕೆ ಸುಮಾರು 1.24. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಅಂಕಿ ಹೆಚ್ಚು ಬಂದು ಅಸಲಿಯೂ ನಕಲಿಯಂತೆ ಕಾಣುತ್ತದೆ, ದಾರವನ್ನು ಮೆಲ್ಲಗೆ ಅಲುಗಿಸಿ ಗುಳ್ಳೆ ಬಿಡಿಸಿ. ತಳಕ್ಕೆ ತಾಗಿದರೆ ಅಂಕಿ ಒಮ್ಮೆಗೇ ಜಿಗಿಯುತ್ತದೆ. ಚಿನ್ನದ್ದಕ್ಕೆ ಈ ಪರೀಕ್ಷೆ ನಂಬಬೇಡಿ: ಅಷ್ಟು ಚಿಕ್ಕ ನಾಣ್ಯ ತಳ್ಳುವ ನೀರು 0.2 ಗ್ರಾಂ ಮಾತ್ರ, ತಕ್ಕಡಿಯ ಒಂದು ಅಂಕಿಯ ತಪ್ಪೇ ನೂರಕ್ಕೆ ಐದರಷ್ಟಾಗುತ್ತದೆ, ಮೇಲೆ ಕೊಂಡಿ ಬೇರೆ.

ಈಗ ಲಿಸ್ಬನ್. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಕಳಿಸಿದರೆ ಜೈಲು ಶಿಕ್ಷೆಗೆ ಅವಕಾಶವಿದೆ. ಅಂಚೆಯಲ್ಲಿ ಹೋದರೂ ಸೋದರಸಂಬಂಧಿಯ ಪರ್ಸಿನಲ್ಲಿ ಹೋದರೂ ಒಂದೇ. ನಿಮ್ಮ 1881, 1882, 1886, 1903, 1912, ಅಸಲಿಯಾದರೆ ಚಿನ್ನ, ಎಲ್ಲ ಇದರೊಳಗೆ ಬರುತ್ತವೆ. ಬೂದು ಬಿಲ್ಲೆಗಳು ಬಜರೂಕೊಗಳೇ ಆದರೆ ಅವೂ. ಹೊರಗುಳಿಯುವುದು 1947, 1952, 1959ರವು, ಅವುಗಳಿಗೆ ಅಂಚೆ ಖರ್ಚು ಕೊಟ್ಟು ಕಳಿಸುವಷ್ಟು ಬೆಲೆಯಿಲ್ಲ. ಬೆಲೆಬಾಳುವುದು ಹೋಗುವಂತಿಲ್ಲ, ಹೋಗಬಹುದಾದದ್ದು ಬೆಲೆಬಾಳುವುದಿಲ್ಲ. ನಾಣ್ಯವನ್ನು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಮುಚ್ಚಿ ದರ್ಜೆ ಕೊಡುವ ವಿದೇಶಿ ಕಂಪನಿಗಳಿಗೆ ಕಳಿಸಲೂ ಇದೇ ಅಡ್ಡಿ. ತಿಕ್ಕಿದ, ಕೊಂಡಿ ಬೆಸೆದ ನಾಣ್ಯಗಳಿಗೆ ಅವರು ಅಂಕದ ದರ್ಜೆ ಕೊಡುವುದೂ ಇಲ್ಲ.

ಲಿಸ್ಬನ್‌ನ ಹರಾಜು ಪಟ್ಟಿಗಳನ್ನು ಓದಲು ಮಾತ್ರ ಅಡ್ಡಿಯಿಲ್ಲ, ಓದುವ ಬಗೆ ಗೊತ್ತಿರಬೇಕು. ‘ಬಿ.ಸಿ.’ (BC) ಎಂದರೆ ಚೆನ್ನಾಗಿ ಸವೆದದ್ದು, ‘ಎಂ.ಬಿ.ಸಿ.’ (MBC) ಎಂದರೆ ಸವೆದರೂ ವಿವರಗಳು ಉಳಿದದ್ದು, ‘ಬೆಲಾ’ ಎಂದರೆ ಅಲ್ಪಸ್ವಲ್ಪ ಸವೆತ, ‘ಸೊಬೆರ್ಬಾ’ ಎಂದರೆ ಹೊಸದರಂತಿರುವುದು. ನಿಮ್ಮ ರೂಪಾಯಿಯಲ್ಲಿ ರಾಜನ ಕಿವಿಯ ಮೇಲಿನ ಕೂದಲು ಬಟ್ಟಲಿನಂತೆ ನುಣ್ಣಗಾಗಿದ್ದರೆ ಅದು ‘ಬಿ.ಸಿ.’, ‘ಸೊಬೆರ್ಬಾ’ದ ಬೆಲೆಯನ್ನು ಅದಕ್ಕೆ ಅಂಟಿಸಬೇಡಿ. ಕೇಳುವ ಬೆಲೆಗೂ ಮಾರಾಟವಾದ ಬೆಲೆಗೂ ಇರುವ ಅಂತರ ಮರೆಯಬೇಡಿ, ನೋಡಬೇಕಾದದ್ದು ಎರಡನೆಯದನ್ನು.

ಹಾಗಾದರೆ ಮಾರುವುದೆಲ್ಲಿ? ಅಕ್ಕಸಾಲಿಗರಿಗೆ ಕೊಡಬಹುದಾದದ್ದು ತಿಕ್ಕಿದ 1881ರ ಒಂದನ್ನು, ಬೇಕಿದ್ದರೆ ಪೂರ್ತಿ ಸವೆದ ಲುಯಿಸ್‌ಗಳನ್ನು. ಅಲ್ಲಿ ಹಣ ಕೂಡಲೇ ಬರುತ್ತದೆ, ಆದರೆ ಕರಗಿದ್ದು ಮರಳಿ ಬಾರದು. ನಾಣ್ಯ ವ್ಯಾಪಾರಿಗಳಲ್ಲಿ ಪುರಾತನ ವಸ್ತು ವ್ಯಾಪಾರದ ಪರವಾನಗಿ ಇರುವವರನ್ನೇ ಕೇಳಿ, ಮೂವರಿಂದಾದರೂ ಬೆಲೆ ಕೇಳಿ, ಪ್ರತಿ ನಾಣ್ಯಕ್ಕೂ ಬೇರೆ ಬೇರೆ ಬೆಲೆ ಬರೆಸಿಕೊಳ್ಳಿ. ‘ಇಡೀ ಡಬ್ಬಿಗೆ ಇಷ್ಟು’ ಎನ್ನುವವರ ಕಣ್ಣು ಸಾಮಾನ್ಯವಾಗಿ ಒಂದೆರಡರ ಮೇಲಿರುತ್ತದೆ, ನಿಮ್ಮ ಡಬ್ಬಿಯಲ್ಲಿ 1912ರದರ ಮೇಲೆ ಮತ್ತು ಚಿನ್ನದ ಮೇಲೆ. ವ್ಯಾಪಾರಿ ಕ್ಯಾಟಲಾಗ್ ಬೆಲೆ ಕೊಡುವುದಿಲ್ಲ, ಅದು ಮೋಸವಲ್ಲ: ಅವನ ಬಂಡವಾಳ ತಿಂಗಳುಗಟ್ಟಲೆ ಕೂತಿರುತ್ತದೆ. ಹರಾಜಿಗೆ ಹಾಕುವುದಾದರೆ 1912, 1903, ಚಿನ್ನ, ಸ್ಪಷ್ಟವಿರುವ ಬಜರೂಕೊ ಮಾತ್ರ ಹಾಕಿ. ಸಹಿ ಹಾಕುವ ಮುನ್ನ ಮಾರುವವರ ಕಮಿಷನ್ ಎಷ್ಟು, ಕನಿಷ್ಠ ಬೆಲೆ ಯಾರು ನಿಗದಿ ಮಾಡುತ್ತಾರೆ, ಹೋಗದಿದ್ದರೆ ಮರಳಿಸುವ ಖರ್ಚು ಯಾರದು, ಹಣ ಎಷ್ಟು ದಿನಕ್ಕೆ, ದಾರಿಯಲ್ಲಿ ಕಳೆದರೆ ಯಾರ ಹೊಣೆ ಎಂಬ ಐದನ್ನು ಬರವಣಿಗೆಯಲ್ಲಿ ಕೇಳಿ. ಮಾರದೆ ಇಟ್ಟುಕೊಳ್ಳುವುದೂ ಒಂದು ದಾರಿ, ಆದರೆ ಅದನ್ನು ಹೂಡಿಕೆ ಎಂದುಕೊಳ್ಳಬೇಡಿ. ಸಾಮಾನ್ಯ ರೂಪಾಯಿಗಳ ಬೆಲೆ ಏರುವುದು ಬಹುಮಟ್ಟಿಗೆ ಬೆಳ್ಳಿಯ ಜೊತೆಗೇ.

ಮೂವರ ಹಂಚಿಕೆಯಲ್ಲಿ ಎಣಿಕೆಯ ಲೆಕ್ಕ ಹಿಡಿದರೆ ಜಗಳ ಖಂಡಿತ. ಚಿನ್ನ ಮತ್ತು 1912ರದನ್ನು ಮೊದಲು ಬೆಲೆ ಕಟ್ಟಿಸಿ ಪಕ್ಕಕ್ಕಿಡಿ. ತಿಕ್ಕಿದ್ದನ್ನು ಬಿಟ್ಟರೆ 1881ರವು ಮೂರು ಉಳಿಯುತ್ತವೆ, ತಲಾ ಒಂದು. 1952ರವು ಮೂರು, ತಲಾ ಒಂದು. ಉಳಿದದ್ದನ್ನು ಮೇಲಿನ ಬೆಲೆಗಳಿಗೆ ಸರಿತೂಗಿಸಿ. ಹಂಚುವ ಮುನ್ನ ಎಲ್ಲವನ್ನೂ ಎರಡೂ ಬದಿ, ತಕ್ಕಡಿಯ ಅಂಕಿ ಕಾಣುವಂತೆ, ಬೆಳಗಿನ ಬೆಳಕಿನಲ್ಲಿ ಫೋಟೊ ತೆಗೆದಿಡಿ. ಜೊತೆಗೆ ಒಂದು ಕಾಗದದಲ್ಲಿ ಅಜ್ಜಿಯ ಹೆಸರು, ತವರೂರು, ಡಬ್ಬಿ ಸಿಕ್ಕ ದಿನ, ಯಾರ ಪಾಲಿಗೆ ಯಾವುದು ಎಂದು ಬರೆದು ಮೂವರೂ ಸಹಿ ಹಾಕಿ ತಲಾ ಒಂದು ಪ್ರತಿ ಇಟ್ಟುಕೊಳ್ಳಿ. ಇವು ನೆಲದಲ್ಲಿ ಸಿಕ್ಕ ನಿಧಿಯಲ್ಲ, ಮನೆತನದ ಸ್ವತ್ತು ಎಂದು ಮುಂದೆ ಯಾವ ವ್ಯಾಪಾರಿಯೋ ಅಧಿಕಾರಿಯೋ ಕೇಳಿದಾಗ ತೋರಿಸಲು ಆ ಕಾಗದ ಬೇಕಾಗುತ್ತದೆ.